ದಿಲ್ಲಿಯ ಲೆಕ್ಕವನ್ನು ಇಳಕಲ್ಲಿನಿಂದ ನೋಡಿದರೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಗ್ಗುಲಲ್ಲಿ ಹಾಯುವ ನಾಲ್ಕು ಪಥದ ಹೆದ್ದಾರಿ ಯಾವ ಸರ್ಕಾರದ ಸಾಧನೆ? ಹಿಂದೆ ಇದು ರಾಷ್ಟ್ರೀಯ ಹೆದ್ದಾರಿ 13, ಈಗ 50. ಹೆದ್ದಾರಿಗಳನ್ನು ಅಗಲ ಮಾಡುವ ರಾಷ್ಟ್ರೀಯ ಯೋಜನೆ ಶುರುವಾದದ್ದು 1998ರಲ್ಲಿ, ವಾಜಪೇಯಿ ಕಾಲದಲ್ಲಿ. ವಿಜಯಪುರದಿಂದ ಹುನಗುಂದ, ಹುನಗುಂದದಿಂದ ಹೊಸಪೇಟೆ ಹೀಗೆ ಒಂದೊಂದೂ ಸುಮಾರು 97 ಕಿ.ಮೀ. ಇರುವ ಎರಡು ತುಂಡುಗಳನ್ನು ಅದರ ಮೂರನೆಯ ಹಂತದಲ್ಲಿ ಖಾಸಗಿ ಕಂಪನಿಗಳಿಗೆ ವಹಿಸಿ ಕೆಲಸ ನಡೆಸಿದ್ದು ಮನಮೋಹನ ಸಿಂಗ್ ಸರ್ಕಾರ. ದುಡ್ಡಿನ ಬಹುಪಾಲು ಹಾಕಿದ್ದು ಕಂಪನಿಗಳು. ಅದನ್ನು ತೀರಿಸುತ್ತಿರುವವರು ಗ್ರಾನೈಟ್ ಬಂಡೆ ಹೊತ್ತ ಲಾರಿಯಿಂದ ಹಿಡಿದು ಮದುವೆ ದಿಬ್ಬಣದ ಕ್ರೂಸರ್‌ವರೆಗೆ ಟೋಲ್ ಕಟ್ಟುವ ಎಲ್ಲರೂ. ರಸ್ತೆಯ ಮೇಲೆ ಈಗ ಓಡಾಡುತ್ತಿರುವುದು ಮೋದಿ ಕಾಲ. ಒಂದೇ ರಸ್ತೆಗೆ ಇಷ್ಟು ಜನ ವಾರಸುದಾರರಿರುವಾಗ, ಭಾಷಣದಲ್ಲಿ ಯಾರು ಅದನ್ನು ತಮ್ಮದೆಂದರು ಎಂಬುದನ್ನು ಹಿಡಿದು ಕೇಂದ್ರ ಸರ್ಕಾರಕ್ಕೆ ಅಂಕ ಕೊಡುವುದು ವ್ಯರ್ಥ ಕೆಲಸ. ಅಳೆಯಬೇಕಾದದ್ದು ಬೇರೆಯೇ ಇದೆ: ದಿಲ್ಲಿಯ ಹೊರತು ಇನ್ನಾರೂ ಮಾಡಲಾಗದ ಕೆಲಸ ಯಾವುದು, ಅದನ್ನು ದಿಲ್ಲಿ ಎಷ್ಟು ವರ್ಷದಲ್ಲಿ ಮಾಡಿತು ಅಥವಾ ಮಾಡದೆ ಬಿಟ್ಟಿತು.

ಈ ಅಳತೆ ರೈಲಿನ ವಿಷಯದಲ್ಲಿ ಚೆನ್ನಾಗಿ ಕೂಡುತ್ತದೆ, ಏಕೆಂದರೆ ಹೊಸ ಹಳಿ ಮಂಜೂರು ಮಾಡುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಬಾಗಲಕೋಟೆ–ಕುಡಚಿ ಮಾರ್ಗ, 142 ಕಿ.ಮೀ., ಮಂಜೂರಾಗಿದ್ದು 2010–11ರಲ್ಲಿ. ಖಜ್ಜಿಡೋಣಿವರೆಗಿನ ಸುಮಾರು 30 ಕಿ.ಮೀ. ಮೊದಲು ಮುಗಿಯಿತು, ಅಲ್ಲಿಂದ ಅತ್ತ ಕಣ್ಣಳತೆಯಲ್ಲಿರುವ ಲೋಕಾಪುರ ಮುಟ್ಟಲು ಮತ್ತೆ ವರ್ಷಗಟ್ಟಲೆ ಬೇಕಾಯಿತು. ಹದಿನೈದು ವರ್ಷ ಕಳೆದರೂ ಕಬ್ಬಿನ ನಾಡಾದ ಜಮಖಂಡಿ, ತೇರದಾಳ ಕಾಯುತ್ತಲೇ ಇವೆ. ರೈಲ್ವೆಯವರನ್ನು ಕೇಳಿದರೆ ಭೂಮಿ ಕೊಡಬೇಕಾದದ್ದು ರಾಜ್ಯ ಎನ್ನುತ್ತಾರೆ. ಅದು ಸುಳ್ಳಲ್ಲ: ಜಮೀನು ರಾಜ್ಯದ್ದು, ಕಾಮಗಾರಿ ವೆಚ್ಚ ಅರ್ಧರ್ಧ ಎಂಬುದು ಒಪ್ಪಂದ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದಾಗಲೇ ಟೋಪ ತೆನಿ ಸೆರಗು ಒಡಲಿಗೆ ನಿಲ್ಲುತ್ತದೆ. ಪಾಲುದಾರಿಕೆಯ ರೈಲು ಯೋಜನೆಯಲ್ಲಿ ತಪ್ಪುತ್ತಿರುವುದು ಈ ಕೊಂಡಿಯೇ. ಆದರೆ ಇದರಿಂದ ದಿಲ್ಲಿಗೆ ಪೂರ್ತಿ ಮಾಫಿ ಸಿಗುವುದಿಲ್ಲ. ಭೂಮಿ ಯಾವ ವರ್ಷ ಕೈಗೆ ಬಂತು, ಆ ವರ್ಷದ ಬಜೆಟ್ಟಿನಲ್ಲಿ ಈ ಮಾರ್ಗಕ್ಕೆ ಎಷ್ಟು ಹಣ ಇಟ್ಟರು ಎಂಬ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟರೆ ವಿಳಂಬದಲ್ಲಿ ಯಾರ ಪಾಲು ಎಷ್ಟೆಂಬುದು ತಾನೇ ಹೊರಬೀಳುತ್ತದೆ.

ಗದಗ–ವಾಡಿ ಮಾರ್ಗದ್ದೂ ಇದೇ ಕಥೆ, ಅಂತ್ಯ ಮಾತ್ರ ಸ್ವಲ್ಪ ವಾಸಿ. ಸುಮಾರು 250 ಕಿ.ಮೀ. ಉದ್ದದ ಈ ಮಾರ್ಗಕ್ಕೆ 2013–14ರಲ್ಲಿ ಮಂಜೂರಾತಿ ಸಿಕ್ಕಿತು. ಪಕ್ಕದ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಇಳಕಲ್ಲಿಗೆ ಇಂದಿಗೂ ಸ್ವಂತ ನಿಲ್ದಾಣವಿಲ್ಲ. ನೇಯ್ಗೆಗೂ ಕಲ್ಲಿಗೂ ದೇಶವೆಲ್ಲ ಗುರುತಿಸುವ ಊರಿಗೆ ಪಕ್ಕದ ತಾಲ್ಲೂಕಿನ ರೈಲೇ ಸದ್ಯಕ್ಕೆ ಗತಿ. ಹಾಗೆಂದು ಜಿಲ್ಲೆಗೆ ರೈಲ್ವೆ ಏನೂ ಮಾಡಿಲ್ಲ ಎಂದರೆ ಅದು ಜಿದ್ದಿನ ಮಾತಾದೀತು. 1880ರ ದಶಕದಲ್ಲಿ ಮೀಟರ್ ಗೇಜ್ ಆಗಿ ಹುಟ್ಟಿ ಬಾದಾಮಿ, ಬಾಗಲಕೋಟೆ ಹಾದುಹೋಗುವ ಗದಗ–ಹೊಟಗಿ ಮಾರ್ಗ ಬ್ರಾಡ್‌ಗೇಜ್ ಆಯಿತು, ಅದಕ್ಕೆ ಜೋಡಿ ಹಳಿಯ ಕೆಲಸವೂ ನಡೆಯಿತು. ಇರುವ ಹಳಿಯನ್ನು ಗಟ್ಟಿ ಮಾಡುವುದರಲ್ಲಿ ತೋರುವ ಚುರುಕು ಹೊಸ ಊರಿಗೆ ಹಳಿ ಒಯ್ಯುವುದರಲ್ಲಿ ಕಾಣುವುದಿಲ್ಲ.

ಬಾದಾಮಿಯದು ಇನ್ನೊಂದು ಬಗೆ. 2015ರ ಜನವರಿಯಲ್ಲಿ ಶುರುವಾದ ‘ಹೃದಯ್’ ಪಾರಂಪರಿಕ ನಗರ ಯೋಜನೆಗೆ ದೇಶದಿಂದ ಆರಿಸಿದ 12 ಊರುಗಳಲ್ಲಿ ವಾರಾಣಸಿ, ಪುರಿಗಳ ಸಾಲಿನಲ್ಲಿ ಬಾದಾಮಿಯೂ ಇತ್ತು. ಹಂಚಿಕೆ 22.26 ಕೋಟಿ ರೂಪಾಯಿ, ಪೂರ್ತಿ ಕೇಂದ್ರದ ಹಣ. 27 ತಿಂಗಳೆಂದು ಹೊರಟದ್ದು 2019ರ ಮಾರ್ಚ್‌ವರೆಗೆ ಎಳೆಯಿತು, ಅಲ್ಲಿಗೆ ಯೋಜನೆಯೇ ಮುಗಿಯಿತು. ರಾಜ್ಯದ ಮೇಲೆ ಹೊರೆ ಜಾರಿಸಲಾಗದ ಇಂಥ ಯೋಜನೆಯನ್ನೇ ಮೊದಲು ಕೆದಕಬೇಕು, ಆದರೆ ನಮ್ಮ ಚರ್ಚೆಗಳಲ್ಲಿ ಅದರ ಹೆಸರೂ ಬರುವುದಿಲ್ಲ.

ನೀರಿನ ವಿಷಯ ಹೆಚ್ಚು ತೊಡಕಿನದು. 2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆಯಾದಾಗ ದೇಶದ 3.23 ಕೋಟಿ ಗ್ರಾಮೀಣ ಮನೆಗಳಿಗಷ್ಟೇ ನಳ ಇತ್ತು. ಈಗ ಆ ಸಂಖ್ಯೆ 15 ಕೋಟಿ ದಾಟಿದೆ. ಇದನ್ನು ಬರೀ ಕಾಗದದ ಸಾಧನೆ ಎಂದು ತಳ್ಳಿಹಾಕುವಂತಿಲ್ಲ. ಆದರೆ ಯೋಜನೆ ತಾನೇ ಹಾಕಿಕೊಂಡ ಅಳತೆ ತಲೆಗೆ ದಿನಕ್ಕೆ 55 ಲೀಟರ್, ಅದೂ ಕುಡಿಯಲು ಯೋಗ್ಯವಾದ ನೀರು. ಹುನಗುಂದ, ಇಳಕಲ್ ಭಾಗದ ಗ್ರಾನೈಟ್ ನೆಲದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಮನೆ ಮುಂದೆ ಸಿಮೆಂಟಿನ ಪುಟ್ಟ ಕಂಬಕ್ಕೆ ನಳ, ಅದಕ್ಕೊಂದು ಮೀಟರ್. ಅದೇ ಮನೆಯವರು ಇಪ್ಪತ್ತು ಲೀಟರಿನ ಕ್ಯಾನ್ ಹಿಡಿದು ನಾಣ್ಯ ಹಾಕುವ ಶುದ್ಧ ನೀರಿನ ಘಟಕದ ಮುಂದೆ ಸರದಿ ನಿಂತಿದ್ದರೆ, ದಿಲ್ಲಿಯ ಡ್ಯಾಶ್‌ಬೋರ್ಡಿನಲ್ಲಿ ಅದು ಸಂಪರ್ಕ ಪಡೆದ ಮನೆ ಎಂದೇ ದಾಖಲಾಗುತ್ತದೆ. ನೀರು ಪೂರೈಕೆ ರಾಜ್ಯದ ಮತ್ತು ಪಂಚಾಯಿತಿಯ ಹೊಣೆ ಎಂಬ ಆಕ್ಷೇಪಕ್ಕೆ ತೂಕವಿದೆ. ಪೈಪು ಒಡೆದರೆ ಪ್ರಧಾನಿಯನ್ನು ದೂರುವುದು ಹಾಸ್ಯಾಸ್ಪದ. ಆದರೆ ಎಣಿಕೆಯ ನಿಯಮ ಬರೆದದ್ದು, ಹಣದ ಕೀಲಿ ಹಿಡಿದದ್ದು ಕೇಂದ್ರವೇ. 2024–25ಕ್ಕೆ ಈ ಮಿಷನ್‌ಗೆ ಸುಮಾರು 70,000 ಕೋಟಿ ಎಂದು ಬಜೆಟ್ಟಿನಲ್ಲಿ ಬರೆದು, ಪರಿಷ್ಕೃತ ಅಂದಾಜಿನಲ್ಲಿ 22,700 ಕೋಟಿಗೆ ಇಳಿಸಿದರು. 2024ರ ಗಡುವನ್ನು 2028ಕ್ಕೆ ಒಯ್ದರು. ಇವೆರಡೂ ಬೇರೆ ಯಾರ ಖಾತೆಗೂ ಹೋಗುವಂಥವಲ್ಲ.

ಬಾಗಲಕೋಟೆಗೆ ಬಂದರೆ ಮಾತೆಲ್ಲ ಮುಳುಗಡೆಯ ಸುತ್ತ. ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ, ರಾಷ್ಟ್ರಪತಿ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಹಿನ್ನೀರಿಗೆ ಊರು ಬಿಟ್ಟುಕೊಟ್ಟವರಿಗಾಗಿ ನವನಗರ ಎದ್ದಿತು, ಯುನಿಟ್ ಮೇಲೆ ಯುನಿಟ್ ಬೆಳೆಯಿತು. 2010ರ ಡಿಸೆಂಬರ್ 30ರಂದು ಕೃಷ್ಣಾ ನೀರಿನ ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಅಣೆಕಟ್ಟೆಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲು ಒಪ್ಪಿತು, 2013ರಲ್ಲಿ ಹೆಚ್ಚುವರಿ ವರದಿಯನ್ನೂ ಕೊಟ್ಟಿತು. ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕಾದದ್ದು ಕೇಂದ್ರ ಸರ್ಕಾರ. ಅದು ಆಗಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಪ್ರಕಟಣೆಗೆ ತಡೆ ಹಾಕಿರುವಾಗ ಸರ್ಕಾರ ಏನು ಮಾಡೀತು ಎಂಬುದು ಈ ಇಡೀ ವಾದಕ್ಕೆ ಇರುವ ಅತಿ ಗಟ್ಟಿ ಎದುರುಮಾತು. ಅದನ್ನು ಒಪ್ಪಿಕೊಂಡೇ ಕೇಳಬೇಕು: ಎರಡು ಪಕ್ಷಗಳ ಸರ್ಕಾರಗಳು ಇದ್ದ ಇಷ್ಟು ವರ್ಷಗಳಲ್ಲಿ ಆ ತಡೆಯನ್ನು ತೆರವು ಮಾಡಿಸಲು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳನ್ನು ಕೂರಿಸಿ ಮಾತಾಡಿಸಲು ದಿಲ್ಲಿ ತೋರಿದ ಅವಸರವೆಷ್ಟು? ಆಂಧ್ರ–ತೆಲಂಗಾಣದ ಹಂಚಿಕೆಗಾಗಿ ಇದೇ ನ್ಯಾಯಮಂಡಳಿಗೆ ಹೊಸ ವಿಚಾರಣಾ ವಿಷಯ ಒಪ್ಪಿಸಲು 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟಕ್ಕೆ ಸಾಧ್ಯವಾಯಿತಲ್ಲ. ಇತ್ತ ಅಣೆಕಟ್ಟೆ ಎತ್ತರಿಸುವುದೂ ಸೇರಿದ ನೀರಾವರಿ ಯೋಜನೆಯ ಮೂರನೆಯ ಹಂತದ ಅಂದಾಜು 17 ಸಾವಿರ ಕೋಟಿಯಿಂದ 51 ಸಾವಿರ ಕೋಟಿ ದಾಟಿ ಬೆಳೆಯಿತು. 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗಲಿದೆ. 2025ರಲ್ಲಿ ರಾಜ್ಯ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ದರ ಗೊತ್ತುಮಾಡಿತು. ತಡವಾದ ಒಂದೊಂದು ವರ್ಷದ ಬಡ್ಡಿ ಈ ಅಂಕಿಗಳೊಳಗೇ ಸೇರಿಕೊಂಡಿದೆ.

ಒಂದು ಜಿಲ್ಲೆಯ ಕುಂದುಕೊರತೆ ಹಿಡಿದು ಇಡೀ ದೇಶದ ಸರ್ಕಾರವನ್ನು ತೂಗಬಹುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದೇಶದ ಒಟ್ಟು ಮೊತ್ತ ಬೇಡವೆಂದಲ್ಲ. ಆದರೆ ದಿನಕ್ಕೆ ಇಷ್ಟು ಕಿಲೋಮೀಟರ್ ಹೆದ್ದಾರಿ ಎಂಬ ಅಂಕಿಯಲ್ಲಿ ಲೋಕಾಪುರದ ಹಳಿಯ ವಿಳಂಬ ಕಾಣುವುದಿಲ್ಲ, ಆಲಮಟ್ಟಿಯ ಗೆಜೆಟ್ ಕಾಣುವುದೇ ಇಲ್ಲ. ಸಾಮಾನ್ಯ ಮತದಾರರಿಗೆ ಇಷ್ಟೆಲ್ಲ ಲೆಕ್ಕ ಎಲ್ಲಿ ಸಿಗಬೇಕು ಎನ್ನುವವರಿಗೂ ಉತ್ತರವಿದೆ. ರೈಲ್ವೆ ಪ್ರತಿ ವರ್ಷ ಹೊರತರುವ ‘ಪಿಂಕ್ ಬುಕ್’ನಲ್ಲಿ ಯಾವ ಮಾರ್ಗಕ್ಕೆ ಎಷ್ಟು ಹಣ ಎಂಬುದು ಸಾಲುಸಾಲಾಗಿ ಇರುತ್ತದೆ, ಜಲಜೀವನದ ಲೆಕ್ಕ ಹಳ್ಳಿಯ ಮಟ್ಟದವರೆಗೂ ಬಹಿರಂಗವಾಗಿದೆ. ರೈಲ್ವೆಗೆ ಪ್ರತ್ಯೇಕ ಬಜೆಟ್ ಇದ್ದ ಕಾಲದಲ್ಲಿ ಆ ದಿನ ಊರೂರಲ್ಲೂ ಜನ ನಮ್ಮ ಮಾರ್ಗಕ್ಕೆ ಏನು ಸಿಕ್ಕಿತು ಎಂದು ಹುಡುಕುತ್ತಿದ್ದರು. 2017ರಿಂದ ಅದು ಸಾಮಾನ್ಯ ಬಜೆಟ್ಟಿನೊಳಗೆ ಸೇರಿತು. ಬಾಗಲಕೋಟೆ–ಕುಡಚಿಯ ಸಾಲು ಆ ಪುಸ್ತಕದಲ್ಲಿ ಇಂದಿಗೂ ಅಚ್ಚಾಗುತ್ತದೆ, ಸಂಸತ್ತಿನಲ್ಲಿ ಅದನ್ನು ಓದಿ ಪ್ರಶ್ನಿಸುವ ದಿನವೊಂದೇ ಕ್ಯಾಲೆಂಡರಿನಿಂದ ಹೋಗಿದೆ.