ಕೆಂಪು ರಕ್ತಕಣದ ಪೊರೆ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿ ಅತ್ತಿಗುಂಡಿ ಎಂಬ ಪುಟ್ಟ ಊರಿದೆ. ಮಳೆಗಾಲದಲ್ಲಿ ಅಲ್ಲಿನ ಕಾಫಿತೋಟಗಳಿಗೆ ಮಂಜು ಕವಿದು ಸೂರ್ಯದರ್ಶನವೇ ಅಪರೂಪವಾಗುತ್ತದೆ. ಸೋರಿಯಾಸಿಸ್ ಎಂಬ ಚರ್ಮರೋಗವುಳ್ಳವರಿಗೆ ಇಂತಹ ಹವೆ ಹಿತವಲ್ಲ. ಹದವಾದ ಬಿಸಿಲು ಅವರಲ್ಲಿ ಅನೇಕರಿಗೆ ಉಪಶಮನ ನೀಡುತ್ತದೆ.

ಈ ರೋಗದಲ್ಲಿ ಮೊಣಕೈ, ಮೊಣಕಾಲು, ನೆತ್ತಿಗಳ ಮೇಲೆ ಕೆಂಪು ಮಚ್ಚೆಗಳೆದ್ದು ಬೆಳ್ಳನೆಯ ಹೊಟ್ಟು ಉದುರುತ್ತದೆ. ಕಂಡವರು ಅಂಟುಜಾಡ್ಯವೆಂದು ಬಗೆದು ದೂರ ಸರಿಯುವುದುಂಟು. ಅದು ತಪ್ಪು ತಿಳಿವಳಿಕೆ. ರೋಗಿಯ ಕೈಯಿಂದ ಕಾಫಿಯ ಲೋಟವನ್ನು ಪಡೆದವರಿಗೆ ಏನೂ ಆಗದು. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಉರಿಯೂತವನ್ನು ಉಂಟುಮಾಡುವುದು ಇದರ ಮೂಲ.

ಈ ಉರಿಯೂತವು ಚರ್ಮಕ್ಕಷ್ಟೇ ಸೀಮಿತವಲ್ಲವೆಂಬುದಕ್ಕೆ ಕೆಂಪು ರಕ್ತಕಣವೇ ಸಾಕ್ಷಿ. ಒಂದು ಮಿಲಿಮೀಟರನ್ನು 1000 ಭಾಗ ಮಾಡಿದರೆ ಅದರಲ್ಲಿ ಏಳೆಂಟು ಭಾಗದಷ್ಟು ಮಾತ್ರ ಅಗಲವುಳ್ಳ ಈ ಕಣವು, ತನಗಿಂತ ಕಿರಿದಾದ ಲೋಮನಾಳಗಳಲ್ಲಿಯೂ ಬಾಗಿ ಬಳುಕಿ ನುಸುಳುತ್ತದೆ. ಕೊಬ್ಬು ಮತ್ತು ಪ್ರೋಟೀನುಗಳಿಂದಾದ ಅದರ ಪೊರೆಯೇ ಇದಕ್ಕೆ ಕಾರಣ. ಬಲಿತ ಕಣದಲ್ಲಿ ಕೋಶಕೇಂದ್ರವಿಲ್ಲ. ಹೊಸ ಪ್ರೋಟೀನನ್ನು ಅದು ತಯಾರಿಸಲಾರದು. ಆದಕಾರಣ ಸುಮಾರು 120 ದಿನಗಳ ಆಯುಷ್ಯದಲ್ಲಿ ತಗಲಿದ ಪೆಟ್ಟುಗಳು, ಹಳೆಯ ತಾಮ್ರದ ಚೊಂಬಿನ ಮೇಲಿನ ತಗ್ಗುಗಳಂತೆ, ಪೊರೆಯಲ್ಲಿ ಬಹುಮಟ್ಟಿಗೆ ಉಳಿದುಬಿಡುತ್ತವೆ.

ಪೆಟ್ಟು ಕೊಡುವವರು ನೆರೆಯವರೇ! ಉರಿಯೂತದಲ್ಲಿ ಕೆರಳಿದ ಬಿಳಿ ರಕ್ತಕಣಗಳು ಆಮ್ಲಜನಕದ ಉಗ್ರ ರೂಪಗಳನ್ನು ಹೊರಚೆಲ್ಲುತ್ತವೆ. ಅವುಗಳಿಂದ ಪೊರೆಯ ಕೊಬ್ಬು ಕೆಡುತ್ತದೆ. ಹಾನಿಗೊಂಡ ಹಿಮೊಗ್ಲೋಬಿನ್ ಒಳಗಿನಿಂದ ಪೊರೆಗೆ ಅಂಟಿಕೊಳ್ಳುತ್ತದೆ. ಬ್ಯಾಂಡ್ 3 ಎಂಬ ಪೊರೆಯ ಪ್ರೋಟೀನು ಗುಂಪುಗೂಡುತ್ತದೆ. ಇದನ್ನೇ ಗುರುತಾಗಿ ಹಿಡಿದು ಗುಲ್ಮ ಮುಂತಾದ ಅಂಗಗಳ ಭಕ್ಷಕಕೋಶಗಳು ಆ ಕಣವನ್ನು ಅವಧಿಗೆ ಮುನ್ನವೇ ನುಂಗಿಬಿಡಬಹುದು. ಪೋರ್ಚುಗಲ್ ದೇಶದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವು ಸೋರಿಯಾಸಿಸ್ ರೋಗಿಗಳ ರಕ್ತಕಣಗಳಲ್ಲಿ ಇಂತಹ ಹಾನಿಯನ್ನು ಗುರುತಿಸಿತು. ರೋಗವು ಉಲ್ಬಣಿಸಿದವರಲ್ಲಿ ಅದು ಹೆಚ್ಚಾಗಿತ್ತು.