ನೀಲಗಿರಿಯ ತವರಿನಲ್ಲೊಬ್ಬ ಕೊನೆಗೌಡ

ನಮ್ಮೂರ ಕೊನೆಗೌಡ ಕಾಲಿಗೆ ತಳೆ ಸಿಕ್ಕಿಸಿಕೊಂಡು ಅಡಿಕೆ ಮರ ಏರತೊಡಗಿದರೆ, ಕೆಳಗೆ ಹಗ್ಗ ಹಿಡಿದು ನಿಂತವನು ಕವಳ ಮಡಚಿ ಬಾಯಿಗಿಡುವಷ್ಟರಲ್ಲಿ ತುದಿಯಲ್ಲಿರುತ್ತಾನೆ. ಕೊನೆ ಕೊಯ್ದು ಇಳಿಸಿದ ಮೇಲೆ ತಾನು ಇಳಿಯುವ ಗೋಜಿಗೂ ಹೋಗುವುದಿಲ್ಲ. ಪಕ್ಕದ ಮರವನ್ನು ಹತ್ತಿರಕ್ಕೆಳೆದುಕೊಂಡು ಅದಕ್ಕೆ ದಾಟಿಬಿಡುತ್ತಾನೆ. ಇದನ್ನು ನೋಡುತ್ತ ಬೆಳೆದ ನನಗೆ, ಪಶ್ಚಿಮ ಆಸ್ಟ್ರೇಲಿಯಾದ ಪೆಂಬರ್ಟನ್ ಎಂಬ ಪುಟ್ಟ ಊರಿನ ಹೊರಗೆ, ಒಂದು ಮರದ ಕಥೆ ಕೇಳಿದಾಗ ಮೊದಲು ನಗು ಬಂತು. ಜ್ಯಾಕ್ ವಾಟ್ಸನ್ ಎಂಬ ಅರಣ್ಯ ಇಲಾಖೆಯವನು 1946ರಲ್ಲಿ ಅದನ್ನು ಹತ್ತಿ ಇಳಿಯಲು ಆರು ಗಂಟೆ ತೆಗೆದುಕೊಂಡನಂತೆ.

ಆಮೇಲೆ ಕತ್ತೆತ್ತಿ ನೋಡಿದೆ.

ನಾಲ್ಕು ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ತುದಿ ಮುಟ್ಟೀತೇನೋ. 72 ಮೀಟರ್ ಎತ್ತರ. ಬುಡದ ಸುತ್ತಳತೆ 7.3 ಮೀಟರ್, ನಾಲ್ಕೈದು ಮಂದಿ ಕೈ ಕೈ ಹಿಡಿದರೆ ಒಂದು ಸುತ್ತು. ಅರ್ಧಕ್ಕಿಂತ ಹೆಚ್ಚು ಎತ್ತರದವರೆಗೆ ಹಿಡಿಯಲೊಂದು ಕೊಂಬೆಯಿಲ್ಲ. ಬೂದಿ ಬಿಳುಪಿನ, ಅಲ್ಲಲ್ಲಿ ನಸುಗೆಂಪಿನ ನುಣ್ಣನೆಯ ಕಾಂಡ. ಸುಲಿದು ಬಿದ್ದ ಹಳೆಯ ತೊಗಟೆ ಬುಡದಲ್ಲಿ ರಾಶಿಯಾಗಿತ್ತು. ಹೆಸರು ಗ್ಲಾಸ್ಟರ್ ಮರ. ನಾನು ಅಕ್ಷರ ನೋಡಿ ‘ಗ್ಲೌಸೆಸ್ಟರ್’ ಎಂದೆ. ಕರೆದುಕೊಂಡು ಬಂದಿದ್ದ ಅಕ್ಕನ ಮಗಳು ತಿದ್ದಿದಳು. ಈ ಮರವನ್ನು ಬೆಂಕಿ ಕಾವಲಿಗೆ ಅಣಿಗೊಳಿಸುತ್ತಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದ ಗ್ಲಾಸ್ಟರಿನ ಡ್ಯೂಕ್ ನೋಡಲು ಬಂದಿದ್ದನಂತೆ, ಹೆಸರು ಅವನದಾಯಿತು. ಹತ್ತಿದವನು ವಾಟ್ಸನ್, ಹೆಸರು ಡ್ಯೂಕನದು. ಇಂಥದ್ದು ನಮ್ಮಲ್ಲೂ ಹೊಸದಲ್ಲ.

ಕೋವಿಡ್‌ಗೆ ಮುಂಚಿನ ಒಂದು ಜನವರಿ ಅದು. ಅಲ್ಲಿಗೆ ಕಡುಬೇಸಿಗೆ. ಪರ್ತ್‌ನಿಂದ ಪೆಂಬರ್ಟನ್ ಸುಮಾರು 330 ಕಿಲೋಮೀಟರ್ ದಕ್ಷಿಣಕ್ಕೆ. ಹಿಂದಿನ ರಾತ್ರಿ ಮಂಜಿಮಪ್‌ನಲ್ಲಿ ಉಳಿದು ಬೆಳಿಗ್ಗೆ ಬೇಗ ಹೊರಟಿದ್ದೆವು. ಆ ಕಡೆಯ ಹಲವು ಊರುಗಳ ಹೆಸರು ಹೀಗೇ ‘ಅಪ್’ ಎಂದು ಮುಗಿಯುತ್ತವೆ. ಅಲ್ಲಿನ ಮೂಲನಿವಾಸಿ ನೂಂಗಾರ್ ಜನರ ಭಾಷೆಯಲ್ಲಿ ಅದಕ್ಕೆ ಜಾಗ ಎಂದರ್ಥ; ನಮ್ಮ ಕೊಪ್ಪ, ಹಳ್ಳಿಗಳ ಹಾಗೆ. ಮರದ ಹೆಸರೂ ಅವರದೇ: ಕ್ಯಾರಿ.

ಕ್ಯಾರಿ ಎಂದರೆ ಮತ್ತೇನಲ್ಲ, ನಮ್ಮ ನೀಲಗಿರಿಯ ಬಂಧು. ಇದನ್ನು ಕೇಳಿ ನನಗೆ ಒಂದು ಕ್ಷಣ ಕಸಿವಿಸಿಯಾಯಿತು. ನೀಲಗಿರಿಯ ಕುಲದಲ್ಲಿ ಏಳುನೂರಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚುಕಡಿಮೆ ಎಲ್ಲವಕ್ಕೂ ಆಸ್ಟ್ರೇಲಿಯಾವೇ ತವರು. ಇಂಡಿಯಾಕ್ಕೆ ಅದು ಮೊದಲು ಕಾಲಿಟ್ಟದ್ದೇ ನಮ್ಮಲ್ಲಿ. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದ ತೋಟಕ್ಕೆ ತರಿಸಿದ ಎನ್ನುತ್ತಾರೆ. ಆಮೇಲಿನ ಕಥೆ ಕೋಲಾರ, ತುಮಕೂರು ಕಡೆಯವರನ್ನು ಕೇಳಬೇಕು. ರಾಗಿ ಹೊಲಗಳೆಲ್ಲ ನೀಲಗಿರಿ ತೋಪಾಗಿ, ಬಾವಿಗಳು ಒಣಗಿ, 1983ರಲ್ಲಿ ತುಮಕೂರಿನ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನಮಗೆ ನೀಲಗಿರಿ ಎಂದರೆ ನೀರು ಕುಡಿಯುವ, ಬೊಂಬಿನಷ್ಟಾಗುತ್ತಲೇ ಕಾಗದದ ಕಾರ್ಖಾನೆಗೆ ಹೋಗುವ ಮರ. ಅದಕ್ಕೆ ಮುಪ್ಪು ಬರುವುದನ್ನು ಯಾರೂ ನೋಡಿಲ್ಲ. ಇಲ್ಲಿ ಮುನ್ನೂರು ವರ್ಷದ ಮುದುಕರು ಸಾಲಾಗಿ ನಿಂತಿದ್ದಾರೆ, ಕೆಳಗೆ ಜರಿಗಿಡ, ಪೊದೆ, ಹಕ್ಕಿಗಳ ಸಂತೆ. ಮರವನ್ನು ಬೈಯುತ್ತಿದ್ದೆವೋ, ಅದನ್ನು ನೆಟ್ಟ ರೀತಿಯನ್ನೋ ಎಂದು ಆ ನೆರಳಿನಲ್ಲಿ ಅನುಮಾನ ಹುಟ್ಟಿತು.

ಮರವನ್ನು ಹತ್ತಬೇಕಾಗಿ ಬಂದದ್ದು ಬೆಂಕಿಯಿಂದ. ಬೇಸಿಗೆಯಲ್ಲಿ ಎಲ್ಲಿ ಹೊಗೆ ಎದ್ದರೂ ಕೂಡಲೇ ತಿಳಿಯಬೇಕು. ನಮ್ಮ ಘಟ್ಟದ ಹಾಗೆ ಅಲ್ಲಿ ಗುಡ್ಡದ ನೆತ್ತಿಗಳಿಲ್ಲ. ಗೋಪುರ ಕಟ್ಟೋಣವೆಂದರೆ ಸುತ್ತಲಿನ ಕಾಡೇ ಅದಕ್ಕಿಂತ ಎತ್ತರ. 1937ರಲ್ಲಿ ಡಾನ್ ಸ್ಟೀವರ್ಟ್ ಎಂಬ ಎಳೆಯ ಅರಣ್ಯಾಧಿಕಾರಿ, ಕಾಡಿನ ಅತಿ ಎತ್ತರದ ಮರವನ್ನೇ ಗೋಪುರ ಮಾಡಿಕೊಳ್ಳೋಣ ಎಂದ. 1952ರೊಳಗೆ ಹೀಗೆ ಎಂಟು ಮರಗಳ ನೆತ್ತಿಯಲ್ಲಿ ಕಾವಲು ಗೂಡುಗಳು ಎದ್ದವು.

ಆದರೆ ಯಾವ ಮರ? ಕೆಳಗಿನಿಂದ ಎಲ್ಲವೂ ಎತ್ತರವೇ. ಮೇಲಿನಿಂದ ಕಾಣುವುದೆಷ್ಟು ಎಂದು ತಿಳಿಯಲು ಯಾರಾದರೂ ಹತ್ತಿಯೇ ನೋಡಬೇಕು. ಅಲ್ಲಿಗೆ ವಾಟ್ಸನ್‌ನ ಆರು ಗಂಟೆಗೆ ಬರುತ್ತೇವೆ. ಬೂಟಿಗೆ ಕಟ್ಟಿದ ಉಕ್ಕಿನ ಮುಳ್ಳು, ಸೊಂಟದಿಂದ ಮರವನ್ನು ಬಳಸಿದ ಪಟ್ಟಿ, ಇಷ್ಟೇ ಸಲಕರಣೆ. ಮುಳ್ಳನ್ನು ಕಾಂಡಕ್ಕೆ ಚುಚ್ಚಿ ನಿಲ್ಲಬೇಕು, ಪಟ್ಟಿಯನ್ನು ಒದರಿ ಒಂದು ಮೊಳ ಮೇಲೇರಿಸಬೇಕು, ಹಿಂದಕ್ಕೆ ವಾಲಿ ಅದರ ಮೇಲೆ ಭಾರ ಬಿಡಬೇಕು, ಮತ್ತೆ ಕಾಲು ಕೀಳಬೇಕು. ಅಡಿಕೆ ಮರವನ್ನು ತಬ್ಬಿ ಹತ್ತಬಹುದು. ಏಳು ಮೀಟರ್ ಸುತ್ತಳತೆಯ ಮರದಲ್ಲಿ ಪಟ್ಟಿಯ ಆಚೆ ಬದಿ ಹತ್ತುವವನ ಕಣ್ಣಿಗೇ ಬೀಳುವುದಿಲ್ಲ. ಅದು ಮೇಲೇರಿತೋ, ಎಲ್ಲಿ ಸಿಕ್ಕಿಕೊಂಡಿತೋ ಎನ್ನುವುದನ್ನು ಕೈಗೆ ಸಿಗುವ ಎಳೆತದಲ್ಲೇ ತಿಳಿಯಬೇಕು. ಸುಮಾರು 40 ಮೀಟರ್ ಆದ ಮೇಲೆ ಕೊಂಬೆಗಳು ಶುರು. ಕೊಂಬೆ ಸಿಕ್ಕಿತೆಂದು ನಮ್ಮಂಥವರಿಗೆ ಸಮಾಧಾನ. ಅವನಿಗೆ ಅಲ್ಲೇ ಕಂಟಕ, ಏಕೆಂದರೆ ಅಡ್ಡ ಬಂದ ಪ್ರತಿ ಕೊಂಬೆಗೂ ಪಟ್ಟಿ ಬಿಚ್ಚಿ ಮೇಲಿನಿಂದ ಮತ್ತೆ ಸುತ್ತಬೇಕು. ಬಿಚ್ಚಿದ ಆ ಗಳಿಗೆಯಲ್ಲಿ ಅವನನ್ನು ಹಿಡಿದಿದ್ದದ್ದು ಬೂಟಿನ ಎರಡು ಮುಳ್ಳು ಮತ್ತು ಅವನ ಧೈರ್ಯ.

ಮೇಲೆ ಹೋಗಿ ಆತ ಏನು ನೋಡಿದ, ಇಳಿದು ಬಂದು ಮೊದಲು ಏನಂದ, ಊಟ ಮಾಡಿದನೇ? ನನಗೆ ಬೇಕಿದ್ದದ್ದು ಅವು. ಮರದ ಬುಡದ ಫಲಕ ಬರೆದವರಿಗೆ ಬೇಕಿದ್ದದ್ದು ಮೀಟರುಗಳು.

ಇನ್ನೊಬ್ಬನ ಹೆಸರೂ ಹೇಳಬೇಕು: ಜಾರ್ಜ್ ರೆನಾಲ್ಡ್ಸ್. ಕಾಂಡದಲ್ಲಿ ತೂತು ಕೊರೆದು ಗೂಟ ಬಡಿದು, ಅಡ್ಡ ಬಂದ ಕೊಂಬೆಗಳನ್ನು ಸವರಿ, ಏಣಿ ಕಟ್ಟಿದವನು ಇವನು. 1947ರಲ್ಲಿ ಮರ ಸಿದ್ಧವಾಯಿತು. ತುದಿಯಲ್ಲಿ ಮರದ ಗೂಡು, ಅದರಲ್ಲಿ ದುರ್ಬೀನು, ದಿಕ್ಕು ಅಳೆಯುವ ಸಾಧನ, ಒಂದು ಟೆಲಿಫೋನು. ಹೊಗೆ ಕಂಡರೆ ಗೂಡಿನ ಕಾವಲುಗಾರ ಅದರ ದಿಕ್ಕು ಹೇಳುತ್ತಾನೆ, ದೂರದ ಇನ್ನೊಂದು ಗೂಡಿನವನು ತನಗೆ ಕಂಡ ದಿಕ್ಕು ಹೇಳುತ್ತಾನೆ. ಕಚೇರಿಯ ನಕ್ಷೆಯ ಮೇಲೆ ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಬೆಂಕಿ. ದಿನವಿಡೀ ಒಬ್ಬನೇ. ಗಾಳಿ ಬೀಸಿದರೆ ಗೂಡು ತೊಟ್ಟಿಲಾಗುತ್ತದೆ. ಹೊಲದ ಮಾಳದ ಮೇಲೆ ಕೂತು ಹಂದಿ ಕಾದವರಿಗೆ ಆ ಏಕಾಂತ ಸ್ವಲ್ಪ ಅರ್ಥವಾದೀತು. ಎಪ್ಪತ್ತರ ದಶಕದಲ್ಲಿ ಕಾವಲಿನ ಕೆಲಸ ಸಣ್ಣ ವಿಮಾನಗಳ ಪಾಲಾಯಿತು. 1973ರಲ್ಲಿ ಹಳೆಯ ಮರದ ಗೂಡನ್ನೂ ಕಳಚಿ, ಪ್ರವಾಸಿಗರಿಗೆಂದು ಉಕ್ಕು, ಅಲ್ಯೂಮಿನಿಯಂನ ಅಟ್ಟ ಹಾಕಿದರು.

ನಾವು ಹೋದಾಗ ಕಾಂಡದ ಸುತ್ತ ಸುರುಳಿಯಾಗಿ 153 ಕಬ್ಬಿಣದ ಸರಳುಗಳಿದ್ದವು. ಹೊರಬದಿಗೆ ತಂತಿಬಲೆ. ಸೊಂಟಕ್ಕೆ ಹಗ್ಗ ಇರಲಿಲ್ಲ, ಕಾವಲಿಗೆ ಯಾರೂ ಇರಲಿಲ್ಲ, ಸಹಿ ಹಾಕಿಸಿಕೊಳ್ಳುವವರೂ ಇರಲಿಲ್ಲ. ಅಕ್ಕನ ಮಗಳು ಮುಂದೆ, ನಾನು ಹಿಂದೆ. ಹತ್ತು ಸರಳಿನವರೆಗೆ ಹುರುಪು. ಇಪ್ಪತ್ತಕ್ಕೆ ಅಂಗೈ ಬೆವರಿತು.

“ಮಾವ, ಕೆಳಗೆ ನೋಡ್ಬೇಡಿ.”

“ನೋಡದೆ ಕಾಲು ಎಲ್ಲಿಡೋದೇ?”

ಸರಳಿನಿಂದ ಸರಳಿಗೆ ನಡುವೆ ಖಾಲಿ. ಕಾಲಿಡಲು ನೋಡಿದರೆ ನೆಲವೂ ಕಾಣುತ್ತದೆ. ಮೂವತ್ತೆರಡನೆಯದರಲ್ಲಿ ನಿಂತೆ. ಮೇಲಿನಿಂದ ಇಳಿಯುತ್ತಿದ್ದ ಹತ್ತು ಹನ್ನೆರಡರ ಹುಡುಗನೊಬ್ಬ ನನ್ನ ಪಕ್ಕದಲ್ಲೇ ನುಸುಳಿ, “ಸಾರಿ” ಎಂದು ಹೋದ. ನಾನು ಅವನ ಹಿಂದೆಯೇ ಇಳಿದುಬಿಟ್ಟೆ. ಕೊನೆಗೌಡ ನೋಡಿದ್ದರೆ ಬಾಯಲ್ಲಿದ್ದ ಕವಳ ಹೊರಗೆ ಬರುವಂತೆ ನಗುತ್ತಿದ್ದ. ಅವಳು ತುದಿ ಮುಟ್ಟಿ ಮುಕ್ಕಾಲು ಗಂಟೆಯ ಮೇಲೆ ಬಂದು, “ಮೇಲೆ ಏನೂ ಇಲ್ಲ ಮಾವ, ಬರೀ ಮರದ ತಲೆಗಳು” ಎಂದಳು. ವಾಟ್ಸನ್‌ಗೆ ಬೇಕಿದ್ದದ್ದೂ ಅದೇ.

ಊರಿನ ಇತಿಹಾಸವೆಲ್ಲ ಈ ತಲೆಗಳನ್ನು ಉರುಳಿಸಿದ್ದೇ. ಆಸ್ಟ್ರೇಲಿಯಾವನ್ನು ಅಡ್ಡಕ್ಕೆ ದಾಟುವ ರೈಲು ಹಳಿಗೆ ಐದು ಲಕ್ಷ ಸ್ಲೀಪರ್ ಬೇಕೆಂದು 1913ರ ಸುಮಾರಿಗೆ ಇಲ್ಲಿ ಸರ್ಕಾರಿ ಸಾಮಿಲ್ಲು ಎದ್ದಿತು. ಕ್ಯಾರಿಗೆ ಗೆದ್ದಲಿನ ಕಾಟ. ಅದಕ್ಕೆ ಹಲಗೆಗಳನ್ನು ಸಕ್ಕರೆ ಪಾಕದಲ್ಲಿ ಪಾಷಾಣ ಬೆರೆಸಿ ಕುದಿಸುತ್ತಿದ್ದರಂತೆ. ಆಲೆಮನೆ ನೋಡಿದವನಾಗಿ ಈ ಅಡುಗೆಯನ್ನು ಊಹಿಸಿ ಮೈ ಜುಮ್ಮೆಂದಿತು. ಆಮೇಲೆ 2024ರ ಜನವರಿಯಿಂದ ಆ ರಾಜ್ಯದ ಸಹಜ ಕಾಡುಗಳಲ್ಲಿ ಮರದ ವ್ಯಾಪಾರಕ್ಕೆಂದು ಕಡಿಯುವುದೇ ನಿಂತಿದೆ.

ಮಧ್ಯಾಹ್ನದ ಮೇಲೆ ಸುಮಾರು ನೂರಿಪ್ಪತ್ತು ಕಿಲೋಮೀಟರ್ ಆಚೆಯ ವಾಲ್‌ಪೋಲ್ ಕಡೆ ಹೋದೆವು. ಅಲ್ಲಿನದು ಟಿಂಗಲ್ ಎಂಬ ಇನ್ನೊಂದು ನೀಲಗಿರಿ. ಎತ್ತರಕ್ಕಿಂತ ದಪ್ಪಕ್ಕೇ ಹೆಸರು, ಬುಡದಲ್ಲಿ ಕೋಣೆಯಂಥ ಪೊಟರೆ. ಹಿಂದೆ ಒಂದರೊಳಗೆ ಕಾರು ನುಗ್ಗಿಸಿ ಫೋಟೊ ತೆಗೆಸಿಕೊಳ್ಳುವುದು ಪದ್ಧತಿಯಾಗಿತ್ತು. ಇವುಗಳ ಬೇರು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ. ಕಾರು, ಕಾಲು ಎರಡಕ್ಕೂ ಸಿಕ್ಕಿ ನೆಲ ಗಟ್ಟಿಯಾಗಿ 1990ರಲ್ಲಿ ಆ ಮರ ಬಿತ್ತು. ಬುದ್ಧಿ ಕಲಿತು 1996ರಲ್ಲಿ ಕಾಡಿನ ನಡುವೆ 600 ಮೀಟರ್ ಉದ್ದದ ಉಕ್ಕಿನ ತೂಗುದಾರಿ ಮಾಡಿದ್ದಾರೆ. ಒಂದೆಡೆ ನೆಲದಿಂದ 40 ಮೀಟರ್ ಮೇಲೆ, ಗಾಲಿಕುರ್ಚಿಯಲ್ಲೂ ಹೋಗಬಹುದು. ನಾನೂ ಹೋದೆ. ಚೆನ್ನಾಗಿದೆ. ಆದರೆ ಕೈ ಬೆವರಲಿಲ್ಲ.

ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಈ ಮರಗಳಿಗೂ ವಯಸ್ಸಾಗಿದೆ. ಹುಳುಕು, ಗಾಳಿ, ಮಳೆ ನೋಡಿ ಹತ್ತುವುದನ್ನು ತಡೆಹಿಡಿಯುತ್ತಾರೆ, ಕೆಲವೊಮ್ಮೆ ಬಹುಕಾಲ. ವಿಚಾರಿಸಿಕೊಂಡೇ ಹೊರಡಿ. ಹತ್ತಲಾಗದಿದ್ದರೂ ಬುಡದಲ್ಲಿ ಒಂದು ಗಂಟೆ ಕೂತು ಬರಬಹುದು.

ಹಿಂದಿರುಗುವಾಗ ದಾರಿ ಬದಿಯಲ್ಲಿ ಚಹಾಕ್ಕೆ ನಿಂತಿದ್ದೆವು. ಕಾಡಿನ ಮೇಲೆ ಸಣ್ಣ ವಿಮಾನವೊಂದು ಗುಂಯ್‌ಗುಡುತ್ತ ಹೋಯಿತು. ಬೆಂಕಿ ನೋಡುವುದಿರಬೇಕು ಎಂದಳು ಅಕ್ಕನ ಮಗಳು. ಮಂಜಿಮಪ್ ತಲುಪಿ, ಊರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದೆ. ಕೊನೆಕೊಯ್ಲಿನ ಕಾಲ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ.

“ಕೊನೆಗೌಡಂಗೆ ಮೊಣಕಾಲು ಎತ್ತೋಕಾಗ್ತಿಲ್ಲ. ಮಗನಿಗೆ ಈ ಕೆಲಸ ಬೇಡವಂತೆ. ಫೈಬರ್ ದೋಟಿ ತರಿಸಿದೀನಿ.”

“ಎಷ್ಟುದ್ದ?”

“ಅರವತ್ತಡಿ. ನೆಲದಲ್ಲೇ ನಿಂತು ಕೊಯ್ಯಬಹುದು. ಕತ್ತು ಮಾತ್ರ ನೋಯುತ್ತೆ.”