ನೋಟ್ಸ್ ಕಳಿಸಿದ್ದಾಯಿತು, ತಲುಪಿತೇ?

ಮೇಷ್ಟ್ರು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ನೋಟ್ಸ್ ಹಾಕುತ್ತಾರೆ. ಎಲ್ಲರೂ ತೆರೆದು ಓದುತ್ತಾರೆ. ಕಣ್ಣು ಕಾಣದ ವಿದ್ಯಾರ್ಥಿನಿಯ ಫೋನು ಮಾತ್ರ ತುಟಿ ಬಿಚ್ಚುವುದಿಲ್ಲ. ಊನ ಇರುವುದು ಅವಳಲ್ಲೋ, ಆ ಕಡತದಲ್ಲೋ?

ತಪ್ಪು ಕಲ್ಪನೆ: ದೃಷ್ಟಿ ಇಲ್ಲದವರು ಕಂಪ್ಯೂಟರಿನಲ್ಲಿ ಓದಲು ದುಬಾರಿ ಯಂತ್ರ ಬೇಕು.

ಸತ್ಯ: ಪರದೆಯ ಮೇಲಿನದನ್ನು ಓದಿ ಹೇಳುವ ‘ಸ್ಕ್ರೀನ್ ರೀಡರ್’ ತಂತ್ರಾಂಶ ಸಾಕು. ಅವುಗಳಲ್ಲಿ ಎನ್‌ವಿಡಿಎ ಪೂರ್ತಿ ಉಚಿತ. 2006ರಲ್ಲಿ ಅದನ್ನು ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣದು. ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್ ಇದೆ. ಎರಡೂ ಕನ್ನಡ ಓದುತ್ತವೆ.

ತಪ್ಪು ಕಲ್ಪನೆ: ಪಿಡಿಎಫ್ ಕೊಟ್ಟರೆ ಮುಗಿಯಿತು.

ಸತ್ಯ: ಪುಟವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ. ಅದರಿಂದ ಅಕ್ಷರ ಹೆಕ್ಕುವ ಓಸಿಆರ್ ಮಾಡದಿದ್ದರೆ ಸ್ಕ್ರೀನ್ ರೀಡರ್‌ಗೆ ಓದಲು ಏನೂ ಸಿಗದು. ಕನ್ನಡಕ್ಕೆ ಇನ್ನೊಂದು ತೊಡಕೂ ಉಂಟು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ನಮ್ಮ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಕಂಪ್ಯೂಟರಿನ ಪಾಲಿಗೆ ಮಾತ್ರ ಅಲ್ಲಿರುವುದು ‘ಪಿ’, ನೆತ್ತಿಯ ಮೇಲೆ ಗೀಟಿರುವ ‘ಎ’, ಪೌಂಡ್ ಚಿಹ್ನೆ, ಹೀಗೆ ಒಂದಷ್ಟು ರೋಮನ್ ಗುರುತುಗಳು. ಕೇಳುವವರ ಕಿವಿಗೆ ಬೀಳುವುದು ಬರೀ ಗೊಂದಲ. ಅದೇ ಪದ ಯೂನಿಕೋಡ್‌ನಲ್ಲಿದ್ದರೆ ‘ಕನ್ನಡ’ ಎಂದೇ ಕೇಳುತ್ತದೆ.

ತಪ್ಪು ಕಲ್ಪನೆ: ಪಾಠವನ್ನು ಧ್ವನಿಮುದ್ರಿಸಿ ಕೊಟ್ಟರೆ ಸಾಕು.

ಸತ್ಯ: ಆಡಿಯೊ ಕೇಳಿದವರಿಗೆ ಪದವನ್ನು ಬರೆಯುವ ಬಗೆ ಖಚಿತವಾಗಿ ತಿಳಿಯುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಮೂರನೆಯ ಅಧ್ಯಾಯವನ್ನಷ್ಟೇ ಹುಡುಕಿ ತೆಗೆಯುವುದೂ ಕಷ್ಟ. ಸರಿಯಾಗಿ ಸಿದ್ಧಪಡಿಸಿದ ವರ್ಡ್ ಕಡತದಲ್ಲಾದರೆ ಒಂದೊಂದೇ ಅಕ್ಷರವನ್ನು ಕೇಳಬಹುದು, ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ಅದಕ್ಕೆ ಶೀರ್ಷಿಕೆಯನ್ನು ದಪ್ಪ ಮಾಡಿ ಬಿಟ್ಟರಾಗದು, ‘ಹೆಡಿಂಗ್’ ಶೈಲಿಯಲ್ಲೇ ಕೊಡಬೇಕು.

ತಪ್ಪು ಕಲ್ಪನೆ: ಪಠ್ಯಪುಸ್ತಕವನ್ನು ಹೀಗೆ ಬದಲಿಸಿ ಕೊಟ್ಟರೆ ಕೃತಿಸ್ವಾಮ್ಯದ ಉಲ್ಲಂಘನೆ.

ಸತ್ಯ: 2012ರ ಕಾಯ್ದೆ ತಿದ್ದುಪಡಿ ಅಂಗವಿಕಲರ ಓದಿಗೆಂದೇ, ಲಾಭದ ಉದ್ದೇಶವಿಲ್ಲದೆ ಹೀಗೆ ಮಾಡಲು ಅವಕಾಶ ಕೊಟ್ಟಿದೆ. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತವೇ.

ತಪ್ಪು ಕಲ್ಪನೆ: ಇದು ಅಂಧರಿಗಷ್ಟೇ, ಅದೂ ದಯೆಯಿಂದ ಮಾಡುವ ಕೆಲಸ.

ಸತ್ಯ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಿವಿ ಕೇಳದವರಿಗೆ ವಿಡಿಯೊ ಪಾಠದ ಕೆಳಗೆ ಅಕ್ಷರಗಳು ಬೇಕು. ಕೈ ನಡುಗುವವರಿಗೆ ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಉತ್ತರಿಸಬಹುದಾದ ಆನ್‌ಲೈನ್ ಪರೀಕ್ಷೆ ಬೇಕು. ಇದು ಕಾಯ್ದೆ ಕೊಟ್ಟ ಹಕ್ಕು, ಯಾರ ಉಪಕಾರವೂ ಅಲ್ಲ.

ನೋಟ್ಸ್ ಕಳಿಸುವ ಮುನ್ನ ಅದರ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಸಾಲನ್ನು ಆರಿಸಲೇ ಆಗದಿದ್ದರೆ ಅದು ಚಿತ್ರ. ಪೌಂಡ್ ಚಿಹ್ನೆ ಇಣುಕಿದರೆ ಹಳೆಯ ಫಾಂಟು. ಕನ್ನಡ ಕನ್ನಡವಾಗಿಯೇ ಬಂದರೆ, ಆ ಫೋನೂ ಬಾಯಿ ಬಿಡುತ್ತದೆ.